ಹಸಿರು ಬಾವುಟದ ನಾಲ್ಕನೇ ಮೂಲೆ

ಡೆಲ್ಮರ್,

ನಮ್ಮ ಮೀಸಲು ಮಿಲಿಟರಿ ಪೊಲೀಸ್ ಪಡೆಯನ್ನು ಇವತ್ತು ಮುಚ್ಚಿಬಿಟ್ಟರು. ಕವಾಯತು ಸಭಾಂಗಣದಲ್ಲಿ, ಡೋನಟ್ ಪೆಟ್ಟಿಗೆಗಳ ಪಕ್ಕದಲ್ಲೇ, ಸಾರ್ಜೆಂಟ್ ಹಾಲ್ವರ್ಸನ್ ಕೊನೆಯ ಸಲ ಪಡೆಯ ಲಾಂಛನದ ಅರ್ಥ ಓದಿದರು: ಕೋಟೆಯೆಂದರೆ ಕಾವಲು, ತೆರೆದ ಕಣ್ಣೆಂದರೆ ಸತ್ಯ. ಅಂದು ಸೆರೆ ಶಿಬಿರದಲ್ಲಿ ನಮ್ಮವರೇ ಸೆರೆಯಾಳಿಗೆ ಹೊಡೆದದ್ದನ್ನು ನೀನು ಮೇಲಿನವರಿಗೆ ಬರೆದುಕೊಟ್ಟೆ. ಪಕ್ಕದಲ್ಲೇ ಇದ್ದ ನಾನು ಏನೂ ನೋಡಿಲ್ಲವೆಂದೆ. ನಿನ್ನನ್ನೇ ಹೊರಗೆ ಹಾಕಿದರು.

ಆ ಶಿಬಿರದ ಕಾವಲಿಗಿದ್ದ ನಾವು ನಾಲ್ವರೇ ಪಡೆಯ ಹಸಿರು ಬಾವುಟದ ಒಂದೊಂದು ಮೂಲೆ ಹಿಡಿದು ಅದನ್ನು ಸುರುಳಿ ಸುತ್ತಬೇಕಿತ್ತು. ಇವತ್ತು ಇದ್ದದ್ದು ಮೂವರು.

"ಲೇ, ಬಾವುಟ ನೆಲಕ್ಕೆ ತಾಗುತ್ತೆ ಕಣ್ರೋ! ಆ ಮೂಲೆ ಯಾರದ್ದು?" ಹಾಲ್ವರ್ಸನ್ ಗದರಿದರು.

ಕೈ ಚಾಚಿ ನಿನ್ನ ಮೂಲೆಯನ್ನೂ ನಾನೇ ಹಿಡಿದೆ.

"ಯಾರದ್ದೂ ಅಲ್ಲ, ಸಾರ್," ಎಂದೆ.