ಗೋಡೆಯಿಂದ ಇಳಿಸಿದ ಮುಖ

೨೪ ಆಗಸ್ಟ್, ಭಾನುವಾರ

ಪ್ರೀತಿಯ ಸಾಸಿವೆಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ಪತ್ರದ ರೂಢಿ, ಆದರೆ ಈ ವಾರದ ಮಟ್ಟಿಗೆ ಅದು ನಿಜವೂ ಹೌದು.

ನೀನು ಚಿಕ್ಕಮ್ಮನ ಮನೆಯಲ್ಲಿದ್ದೀಯ ಎಂದು ತಿಳಿದು ತಿಂಗಳಾಯಿತು. ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಕೋಪವಿರಲಿಲ್ಲ. ಬರೆಯುವ ಮೊದಲು ಮಾಡಬೇಕಾದ ಒಂದು ಕೆಲಸವಿತ್ತು, ಅದು ಈ ಮಂಗಳವಾರ ಮುಗಿಯಿತು. ಅದಕ್ಕೂ ಮುಂಚೆ ಬರೆದಿದ್ದರೆ ಬರೀ ಸಮಾಧಾನದ ಮಾತಾಗುತ್ತಿತ್ತು. ಸಮಾಧಾನ ಹೇಳುವವರನ್ನು ಕಂಡರೆ ನಿನಗೆ ಆಗದು. ಥಟ್ಟನೆ ಸಿಡಿಯುವವಳು, 'ಸಾಸಿವೆ' ಎಂಬ ಹೆಸರು ನಿನಗೆ ಸುಮ್ಮನೆ ಬಂದದ್ದಲ್ಲವಲ್ಲ.

ಅಮ್ಮನ ಆಸ್ಪತ್ರೆಯ ಲ್ಯಾಬಿಗೆ ರಕ್ತ ಪರೀಕ್ಷಿಸುವ ಹೊಸ ಯಂತ್ರ ಬಂದಿದೆ. ಅದು ಹೇಳುವುದನ್ನು ಅವಳು ನಂಬುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಾನೇ ಇನ್ನೊಮ್ಮೆ ನೋಡುತ್ತಾಳೆ. "ಪಾಪ, ಇವಳು ನಿಮಗೆ ಸೊಸೆಯಾಗಿ ಬಂದ ಹಾಗಿದೆ, ಏನು ಮಾಡಿದರೂ ಅತ್ತೆ ಇನ್ನೊಮ್ಮೆ ನೋಡಲೇಬೇಕು" ಎಂದು ಯಂತ್ರವನ್ನು ತೋರಿಸಿ ನಮ್ಮ ಪಿ.ಟಿ. ಮೇಷ್ಟ್ರು ತಮಾಷೆ ಮಾಡಿದರು. ರಕ್ತ ಕೊಡಲು ಹೋಗಿದ್ದವರು, ಸೂಜಿ ಚುಚ್ಚುವವರೆಗೂ ಮಾತು ನಿಲ್ಲಿಸಲಿಲ್ಲವಂತೆ.

ಕನ್ನಡಕದ ಅಂಗಡಿಯಲ್ಲಿ ನೀನು ಗಾಜು ಉಜ್ಜುವುದನ್ನು ಕಲಿಯುತ್ತಿದ್ದೀಯ ಎಂದು ಚಿಕ್ಕಮ್ಮ ಹೇಳಿದಳು. "ಕೈ ನಿಧಾನ, ಕಣ್ಣು ಚುರುಕು" ಎಂದರಂತೆ ಅಂಗಡಿಯವರು. ಆ ಮಾತನ್ನು ದಿನವಿಡೀ ಬಾಯಲ್ಲಿಟ್ಟುಕೊಂಡು ತಿರುಗಿದೆ.

ಕಾಲೇಜು ಯಾಕೆ ಬಿಟ್ಟೆ ಎಂದು ನಾನು ನಿನ್ನನ್ನು ಕೇಳುವುದಿಲ್ಲ. ಚಿಕ್ಕಮ್ಮ ಒಂದಿಷ್ಟು ಹೇಳಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡ, ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಬಾಯಿಬಿಟ್ಟಳು. "ಭಾವ, ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಹಾಸ್ಟೆಲಲ್ಲಿ ಇವಳಿಗೆ ಹೆಸರೇ ಇರಲಿಲ್ಲವಂತೆ. 'ಏ ಪೋಸ್ಟರ್, ಬಾ ಇಲ್ಲಿ' ಅಂತಲೇ ಕರೀತಿದ್ರಂತೆ. ಮೊದಲನೇ ಟೆಸ್ಟಲ್ಲಿ ಕಡಿಮೆ ಬಂತಲ್ಲ, ಲೆಕ್ಚರರು ಪೇಪರನ್ನ ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದು, 'ಏನಮ್ಮಾ, ನೀನು ಸಿದ್ಧ ಅಂತ ಊರಿಗೆಲ್ಲಾ ಸಾರಿದ್ದೆಯಲ್ಲ?' ಅಂದ್ರಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಇವಳೂ ನಕ್ಕಳಂತೆ ಭಾವ. ಇವಳೂ ನಕ್ಕಳಂತೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. "ಆ ಗೋಡೆ ಮುಂದೆ ಹಾದು ಮನೆಗೆ ಬರಲ್ಲ ಅಂತಾಳೆ."

ನಮ್ಮ ಮನೆ ಶಾಲೆಯ ಕಾಂಪೌಂಡಿನ ಒಳಗೇ ಇರುವುದರಿಂದ ಬೇರೆ ದಾರಿಯಿಲ್ಲ. ಗೇಟು, ಉದ್ದದ ಪಡಸಾಲೆ, ಪಡಸಾಲೆಯ ಗೋಡೆ, ಗೋಡೆಯ ಮೇಲೆ ನೀನು. ಸರ್ಕಾರದ 'ಮುಂದಿನ ಹೆಜ್ಜೆ' ಯೋಜನೆಯ ಮೊದಲ ವರ್ಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ ಹುಡುಗಿ. ತಲೆಯ ಮೇಲೆ 'ನಾನು' ಎಂದು, ಗದ್ದದ ಕೆಳಗೆ 'ಸಿದ್ಧ!' ಎಂದು. ಎಲ್ಲ ಶಾಲೆಗಳಲ್ಲೂ, ಬಸ್ ನಿಲ್ದಾಣಗಳಲ್ಲೂ ಅದೇ.

ಹೋದ ತಿಂಗಳು ನಿನ್ನ ಮೇಲೆ ಹೊಸ ಪೋಸ್ಟರ್ ಬಂತು. ಟೈ ಕಟ್ಟಿದ ಒಬ್ಬ ಹುಡುಗ. ಅಂಟಿಸುವಾಗ ನಾನು ಅಲ್ಲೇ ಇದ್ದೆ. ಆ ಸಂಗತಿ ಆಮೇಲೆ. ಕಾಗದ ತೆಳು. ಗಾಳಿಯಲ್ಲಿ ತೇವವಿದ್ದ ದಿನ ಆ ಹುಡುಗನ ಕೆನ್ನೆಯೊಳಗಿಂದ ನಿನ್ನ ಕಣ್ಣು ಕಾಣುತ್ತಿತ್ತು. ಪಾಠ ಮುಗಿಸಿ ಬರುವಾಗ ಆ ಕಡೆ ನೋಡಬಾರದು ಎಂದುಕೊಳ್ಳುತ್ತಿದ್ದೆ, ನೋಡುತ್ತಿದ್ದೆ. ನಿನ್ನಮ್ಮ ಒಂದು ಸಂಜೆ, "ರೀ, ಇದ್ದರೆ ಇರಬೇಕು, ಇಲ್ಲದಿದ್ದರೆ ಇಲ್ಲ. ಇದೇನಿದು, ಹೂತು ಹಾಕಿದ ಹಾಗೆ?" ಅಂದಳು.

ಯೋಜನೆಯೇ ಕೆಟ್ಟದ್ದು ಎಂದು ನಾನು ಹೇಳಲಾರೆ. ಭೂಗೋಳದ ಜೊತೆಗೆ ಆ 'ಸಿದ್ಧತಾ ತರಗತಿ'ಯನ್ನೂ ಹೊತ್ತವನು ನಾನೇ. ಕಾಲೇಜಿನ ಗೇಟನ್ನೇ ಕಾಣದ ಮಕ್ಕಳನ್ನು ಸರ್ಕಾರದ ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋಗಿದ್ದೇನೆ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರನ್ನು ನೋಡಿದ್ದೇನೆ. ಆದರೆ ಯೋಜನೆಯ ಕೈಪಿಡಿಯ ತುಂಬ ಹೋಗುವ ದಾರಿ ಮಾತ್ರ ಇದೆ. ಹೋದಲ್ಲಿ ಎಡವಿದರೆ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಅದರಲ್ಲಿ ಪುಟವಿಲ್ಲ. ಎಡವಿದವರ ಮೇಲೆ ಅಂಟಿಸಲು ಕಾಗದ ಮಾತ್ರ ಇದೆ.

ಬುಧವಾರ ಯೋಜನೆಯ ನಿರ್ದೇಶಕರು ತಪಾಸಣೆಗೆ ಬರುತ್ತಾರೆಂದು ಗೊತ್ತಾಯಿತು. ಮಂಗಳವಾರ ಶಾಲೆ ಬಿಟ್ಟ ಮೇಲೆ ನಾನು ಬಕೆಟ್ಟು, ಸ್ಪಂಜು, ಸ್ಟೂಲು ತೆಗೆದುಕೊಂಡು ಪಡಸಾಲೆಗೆ ಹೋದೆ. ಉಗುರಿನಿಂದ ಮೂಲೆ ಕೆರೆಯುತ್ತಿದ್ದೆ. ಹಿಂದಿನಿಂದ, "ಕೆರೀಬೇಡಿ!" ಎಂದು ಕೂಗು. ನಿನ್ನಮ್ಮ, ಡ್ಯೂಟಿಯಿಂದ ನೇರವಾಗಿ ಬಂದವಳು, ಇನ್ನೂ ಬಿಳಿಯ ಕೋಟಿನಲ್ಲೇ ಇದ್ದಳು. "ಬಾಟಲಿ ಮೇಲಿನ ಚೀಟಿ ಬಿಡಿಸೋದು ಗೊತ್ತಿಲ್ಲವಾ? ಬಿಸಿನೀರು ಹಾಕಿ ನೆನೆಯೋಕೆ ಬಿಡಬೇಕು. ಎಳೆದರೆ ಮುಖ ಹರಿಯುತ್ತೆ."

ಮನೆಯಿಂದ ಕೆಟಲಿನಲ್ಲಿ ನೀರು ಕಾಯಿಸಿ ತಂದಳು. ಮೊದಲು ಹುಡುಗ ಬಂದ, ಮುದ್ದೆಮುದ್ದೆಯಾಗಿ. "ಪಾಪ, ಯಾರ ಮನೆಯ ಮಗುವೋ" ಎಂದು ಅವನ ಮುಖದ ಭಾಗವನ್ನು ಮಾತ್ರ ಬೇರೆ ಎತ್ತಿ ಕಿಟಕಿಯ ಮೇಲೆ ಒಣಗಲು ಇಟ್ಟಳು. ಆಮೇಲೆ ನಿನ್ನ ಹಣೆ ಕಂಡಿತು. ಅವಳು ಎರಡು ಅಂಗೈಯನ್ನೂ ಕಾಗದದ ಹಿಂದೆ ತೂರಿಸಿ, ಸ್ನಾನ ಮಾಡಿಸಿದ ಕೂಸನ್ನು ಎತ್ತುವ ಹಾಗೆ ನಿನ್ನನ್ನು ಇಳಿಸಿಕೊಂಡಳು. ಕೆಳಗಿನ ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 'ಸಿದ್ಧ!' ಎಂಬುದು ಗೋಡೆಗೇ ಕಚ್ಚಿಕೊಂಡು ಉಳಿಯಿತು. "ಇರಲಿ ಬಿಡಿ, ಅದು ಅವರದು" ಅಂದಳು.

ಮರುದಿನ ಹೆಡ್ ಮೇಡಂ ಅದನ್ನು ನೋಡಿ ಎದೆ ಹಿಡಿದುಕೊಂಡರು. "ಮೇಷ್ಟ್ರೇ, ನನ್ನ ರಿಟೈರ್‌ಮೆಂಟಿಗೆ ಒಂದು ವರ್ಷ ಇದೆ. ಇದನ್ನ ಮುಂದಿನ ವರ್ಷ ಮಾಡೋಕಾಗ್ತಿರಲಿಲ್ಲವಾ?"

ನಿರ್ದೇಶಕರು ಬಂದವರೇ ಮಕ್ಕಳನ್ನು ಪಡಸಾಲೆಯಲ್ಲೇ ಸಾಲಾಗಿ ನಿಲ್ಲಿಸಿ ಅಣಕು ಸಂದರ್ಶನ ಶುರು ಮಾಡಿದರು. "ನಿನ್ನ ದೌರ್ಬಲ್ಯ ಏನು?" ಕೈಪಿಡಿಯ ಮಾದರಿ ಉತ್ತರವನ್ನು ನಾನು ಎಂದೋ ಬರೆಸಿದ್ದೆ, ಇಡೀ ಸಾಲು ಅದನ್ನೇ ಗಿಳಿಪಾಠ ಒಪ್ಪಿಸಿತು: "ನಾನು ಅತಿಯಾಗಿ ಶ್ರಮಪಡುತ್ತೇನೆ ಸಾರ್." ನಿಂತಲ್ಲೇ ತೂಕಡಿಸುತ್ತಿದ್ದವನೂ ಅದನ್ನೇ ಹೇಳಿದ. ಪಿ.ಟಿ. ಮೇಷ್ಟ್ರು ನನ್ನ ಕಿವಿಯ ಹತ್ತಿರ, "ಇಷ್ಟೊಂದು ಶ್ರಮಜೀವಿಗಳಿದ್ದೂ ನನ್ನ ಮೈದಾನದ ಹುಲ್ಲು ಕೀಳೋರು ಒಬ್ಬರಿಲ್ಲವಲ್ರೀ" ಅಂದರು.

ಅಷ್ಟರಲ್ಲಿ ನಿರ್ದೇಶಕರ ಕಣ್ಣು ಗೋಡೆಗೆ ಹೋಯಿತು. ಒದ್ದೆ ಕಲೆ, ಅದರ ಕೆಳಗೆ ಒಂಟಿಯಾಗಿ 'ಸಿದ್ಧ!'

"ಯಾರು ಸಿದ್ಧ? ಇಲ್ಲಿದ್ದ ಪೋಸ್ಟರ್ ಎಲ್ಲಿ?"

"ನಾನು ಬಿಡಿಸಿದೆ."

"ಯಾರನ್ನ ಕೇಳಿ ಬಿಡಿಸಿದಿರಿ?"

"ಹುಡುಗಿಯ ಮುಖ ಅಂಟಿಸುವಾಗ ಅವಳ ಅಪ್ಪನ ಒಪ್ಪಿಗೆ ಕೇಳಿದ್ದಿರಿ. ಮುಚ್ಚುವಾಗ ಯಾರನ್ನೂ ಕೇಳಲಿಲ್ಲ. ಆ ಅಪ್ಪ ನಾನೇ."

ಅವರು ಕೆಟ್ಟ ಮನುಷ್ಯರಲ್ಲ. ಧ್ವನಿ ತಗ್ಗಿಸಿದರು. "ಮೇಷ್ಟ್ರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಅರ್ಧಕ್ಕೆ ಬಿಟ್ಟವರು ಗೋಡೆ ಮೇಲಿದ್ದರೆ ಮಕ್ಕಳಿಗೆ ಏನು ಸಂದೇಶ ಹೋಗುತ್ತೆ?"

"ಮುಚ್ಚಿದರೆ ಏನು ಹೋಗುತ್ತೆ ಅಂತ ಅವರನ್ನೇ ಕೇಳಿ. ಎದುರಿಗೇ ಇದ್ದಾರಲ್ಲ."

ಅವರು ಕೇಳಲಿಲ್ಲ. ಆದರೆ ಸಾಲಿನಿಂದ ಒಂದು ಕೈ ಮೇಲೆದ್ದಿತು. ನಾವು 'ಡೌಟು' ಎಂದು ಕರೆಯುವ ಹುಡುಗಿ, ನಿನಗೆ ನೆನಪಿರಬಹುದು, ಎರಡು ಜಡೆಯವಳು. "ಸಾರ್, ಒಂದು ಡೌಟು. ನಾನು ಕಾಲೇಜಿಗೆ ಹೋಗಿ, ಆಗದೆ ವಾಪಸ್ ಬಂದರೆ ನನ್ನ ಮೇಲೂ ಅಂಟಿಸ್ತೀರಾ?"

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ಆ ಗಾಜನ್ನು ಉಜ್ಜಿದವರು ಯಾರೋ ಎಂದು ನನಗೆ ಒಂದು ಕ್ಷಣ ಅನ್ನಿಸಿತು.

ಶುಕ್ರವಾರ ನೋಟಿಸು ಬಂತು. ಶಾಲೆಯ ಆಸ್ತಿಗೆ ಹಾನಿ, ಸಿದ್ಧತಾ ತರಗತಿಯಿಂದ ಬಿಡುಗಡೆ, ವಿವರಣೆ ಕೊಡಿ. ಕೊಟ್ಟೆ: "ಹೌದು, ಬಿಡಿಸಿದ್ದೇನೆ. ಅಲ್ಲಿ ಇನ್ನೊಂದು ಮಗುವಿನ ಮುಖ ಅಂಟಿಸಿದರೆ ಅದನ್ನೂ ಬಿಡಿಸುತ್ತೇನೆ. ಬಿಸಿನೀರು ಸಾಕು, ಗೋಡೆಗೆ ಹಾನಿಯಿಲ್ಲ." ಹೆಡ್ ಮೇಡಂ ಓದಿ, "ಕೊನೆಯ ಸಾಲು ತೆಗೀರಿ" ಅಂದರು. ತೆಗೆಯಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಮೊಹರು ಒತ್ತಿದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ತರಗತಿ ಹೋಯಿತು, ಮಕ್ಕಳು ಹೋಗಲಿಲ್ಲ. ನಿನ್ನೆಯೇ ಭೂಗೋಳದ ಪಿರಿಯಡ್ಡಿನಲ್ಲಿ ನಕಾಶೆ ಬಿಡಿಸಿಟ್ಟುಕೊಂಡು, ಕಾಲೇಜಿನಲ್ಲಿ ಪಾಠ ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು, ನಕ್ಕರೆ ಏನು ಮಾಡಬೇಕು, ವಾಪಸ್ ಬರುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮಾತಾಡಿದೆವು. ನನಗೆ ಎಲ್ಲಕ್ಕೂ ಉತ್ತರ ಗೊತ್ತಿಲ್ಲ. ನಿನಗೆ ಗೊತ್ತಿರುವಷ್ಟು ಗೊತ್ತಿಲ್ಲ. ನಿನಗೆ ಮನಸ್ಸಾದ ದಿನ ಬಂದು ಹೇಳಬಹುದು, ಆಗದಿದ್ದರೆ ಬೇಡ.

ಗೋಡೆ ಈಗ ಖಾಲಿ. ಉಳಿದಿದ್ದ ಆ ಒಂದು ಪದವನ್ನು ಸುಣ್ಣ ಹೊಡೆಯುವವನು ನಿನ್ನೆ ಬಂದು ಮುಚ್ಚಿದ. ನೀನು ಸುರುಳಿಯಾಗಿ ನಮ್ಮ ಬೀರುವಿನ ಮೇಲಿದ್ದೀಯ, ತಲೆಯ ಮೇಲೆ 'ನಾನು' ಎಂಬುದು ಹಾಗೇ ಇದೆ. ಬಂದು ಹರಿದು ಹಾಕು, ಮೀಸೆ ಬರೆ, ಕಿಟಕಿಗೆ ಪರದೆ ಮಾಡು. ಅದು ನಿನ್ನ ಹಕ್ಕು. ನಾನೂ ಅಮ್ಮನೂ ಅದನ್ನು ಬಿಚ್ಚಿ ನೋಡುವುದಿಲ್ಲ.

ಕಾಲೇಜಿಗೆ ಮರಳಿ ಹೋಗು ಎಂದು ಈ ಪತ್ರ ಹೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ದಾರಿ ತೆರೆದಿದೆ ಎಂದಷ್ಟೇ ಹೇಳುತ್ತಿದೆ. ಗೇಟಿನಿಂದ ಮನೆಯವರೆಗಿನ ದಾರಿ. ನಿನ್ನ ಕಣ್ಣು ಚುರುಕಾಗಿಯೇ ಇರಲಿ. ಕೈ ತನ್ನಷ್ಟಕ್ಕೆ ಕಲಿಯಲಿ. ಯಾರ ಎದುರಿಗೂ, ನಗು ಬಾರದಿದ್ದರೆ, ನಗಬೇಡ.

ಇತಿ,
ನಿನ್ನ ಅಪ್ಪ

ತಾ.ಕ.: ಹೊಸ ಪೋಸ್ಟರ್ ಅಂಟಿಸುವಾಗ ಅಲ್ಲೇ ಇದ್ದೆ ಅಂದೆನಲ್ಲ. ಅಂಟಿಸುವವನು ಹೊಸಬ, ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ಸಾರ್, ನೆಲ ಜಾರುತ್ತೆ, ಏಣಿ ಸ್ವಲ್ಪ ಹಿಡ್ಕೊಳ್ತೀರಾ?" ಅಂದ. ಹಿಡಿದುಕೊಂಡೆ. ಇದನ್ನೇಕೆ ಬದಲಾಯಿಸುತ್ತಿದ್ದೀಯಪ್ಪ ಎಂದು ಕೇಳಿದೆ. "ಈ ಹುಡುಗಿ ಕಾಲೇಜು ಬಿಟ್ಟು ಆಗಲೇ ಮೂರು ತಿಂಗಳಾಯ್ತಂತೆ ಸಾರ್. ಆಫೀಸಲ್ಲಿ ಎಲ್ಲರಿಗೂ ಗೊತ್ತು. ಪಾಪ, ಹೆತ್ತವರಿಗೆ ಹೇಗಾಗಿರಬೇಡ" ಅಂದ. ನಾನು, ಹೌದು, ಅಂದೆ. ಪ್ರತಿ ಭಾನುವಾರ ನೀನು ಫೋನಿನಲ್ಲಿ, "ಕ್ಲಾಸು ಚೆನ್ನಾಗಿ ನಡೀತಿದೆ ಅಪ್ಪ" ಎನ್ನುತ್ತಿದ್ದೆ. ಆಫೀಸಿಗೆ, ಪ್ರೆಸ್ಸಿಗೆ, ಏಣಿಯ ಮೇಲಿದ್ದವನಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಇದನ್ನು ಕೇಳಲು ಅಪ್ಪ ಇನ್ನೂ ಸಿದ್ಧನಿಲ್ಲ ಎಂದುಕೊಂಡೆಯಾ, ಮಗಳೇ? ಬೇರೆ ಯಾವುದಕ್ಕೂ ಉತ್ತರ ಬೇಡ, ಇದೊಂದಕ್ಕೆ ಬರೆ. ಅವನು ಕೆಲಸ ಮುಗಿಸಿ ಇಳಿಯುವವರೆಗೂ ನಾನು ಏಣಿ ಬಿಡಲಿಲ್ಲ.