ಯೋಚಿಸುತ್ತಿದ್ದೇನೆ, ದಯವಿಟ್ಟು ತಾಳಿ

ದಾವಣಗೆರೆ,
ಗಾಳಿಶಕೆ ೧೧೨, ಎರಡನೇ ಬೇಸಿಗೆಯ ಮೂರನೇ ಸೋಮವಾರ

ವಾಗೀಶಜ್ಜನಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಚಂಪಕಾ ಮಾಡುವ ನಮಸ್ಕಾರ. ಮೇಲಿನ ತಾರೀಕು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಶಕೆಯನ್ನು ಊರಿನ ಗಾಳಿಯಂತ್ರಗಳು ತಿರುಗಲು ಶುರುವಾದ ವರ್ಷದಿಂದ ಎಣಿಸುತ್ತೇವೆ. ನನ್ನ ಮಾತು ನಿಮ್ಮ ಕಿವಿಗೆ ಒಂಥರಾ ಕೇಳಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ಹಳೇ ವಿಡಿಯೋ ನೋಡಿ ಕಲಿತವಳು ನಾನು. ನಿಮಗೀಗ ಇಪ್ಪತ್ತೇಳು, ನನಗೆ ಅರವತ್ತು. ಅಜ್ಜ ಅಂತಲೇ ಶುರು ಮಾಡಿದ್ದೇನೆ. ನಡುವೆ ಸಿಟ್ಟು ಬಂದು ತಮ್ಮಾ ಅಂದುಬಿಟ್ಟರೆ ಸಹಿಸಿಕೊಳ್ಳಿ.

ಈ ಪತ್ರ ಬಂದದ್ದು ಹಿಂಟಪಾಲಿನಲ್ಲಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲು ಅದು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ, ಅದೂ ತೀರಿಹೋದ ಸ್ವಂತ ಹಿರಿಯರಿಗೆ ಮಾತ್ರ. ನನ್ನಮ್ಮ ತನ್ನ ಪತ್ರವನ್ನು ಮುತ್ತಜ್ಜಿಗೆ ಬರೆದು ಬೆಣ್ಣೆದೋಸೆಯ ಹಿಟ್ಟಿನ ಹದ ಕೇಳಿದಳು. ಉತ್ತರ ಬರುವ ಏರ್ಪಾಡೇ ಇಲ್ಲ ಅನ್ನೋದು ಅವಳಿಗೆ ಆಮೇಲೆ ನೆನಪಾಯಿತಂತೆ. ನನ್ನದನ್ನು ನಾನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ಏಕೆಂದರೆ ಬರುವ ಸೋಮವಾರ ನೀವು ಮಾಡಲಿರುವ ಒಂದು ಸಣ್ಣ ನಾಟಕದಿಂದ ನನ್ನ ಗಂಡ ಕಲ್ಲೇಶ ಸತ್ತ.

ನಿಮ್ಮ ಕೋಣೆ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಕಂಪನಿಯವರು ಪ್ರತಿ ಸ್ಥಾಪಕರ ದಿನ ಅದನ್ನೇ ಸಿನಿಮಾ ಮಾಡಿ ಶಾಲೆ ಶಾಲೆಗೂ ತೋರಿಸುತ್ತಾರೆ. ಪಿ.ಬಿ. ರಸ್ತೆಯ ಟೈಲ್ಸ್ ಅಂಗಡಿಯ ಮೇಲಿನ ಮಹಡಿ. ಇರುವುದು ನಾಲ್ಕು ಜನ, ನಾಲ್ವರೂ ಚೀಫ್‌ಗಳೇ. ಆ್ಯಪ್ ಇನ್ನೂ ಹುಟ್ಟಿಲ್ಲ, ಅದರ ಹೆಸರಿನ ಟೀ-ಶರ್ಟು ಆಗಲೇ ಬಣ್ಣ ಬಿಟ್ಟಿದೆ. ಗೋಡೆಯ ಮೇಲೆ ‘ಮೊದಲು ತೋರಿಸು, ಆಮೇಲೆ ಮಾಡು’ ಅಂತ ಬರೆಸಿದ್ದೀರಿ, ಯಾವ ಪುಣ್ಯಾತ್ಮ ಹೇಳಿಕೊಟ್ಟನೋ ಕಾಣೆ. ಇರಲಿ, ಅದೆಲ್ಲ ವಯಸ್ಸಿನ ಹುಚ್ಚು. ಆದರೆ ಹೂಡಿಕೆದಾರರು ಬರುವ ದಿನ, ಕಾಯಿಲೆಗೆ ಸಲಹೆ ಕೊಡುವ ಯಂತ್ರ ಸಿದ್ಧವಿಲ್ಲ ಅಂತ, ನಿಮ್ಮ ಸೋದರತ್ತೆ ಹಾಲಮ್ಮನನ್ನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ ಕೂರಿಸುತ್ತೀರಿ. ನಿವೃತ್ತ ನರ್ಸ್ ಅವರು. ಇದು ಸಿನಿಮಾದಲ್ಲಿಲ್ಲ, ನಮ್ಮ ಮನೆಯಲ್ಲಷ್ಟೇ ಬಾಯಿಂದ ಬಾಯಿಗೆ ಬಂದ ಮಾತು. ಬಂದವರು ಫೋನಿಗೆ ಪ್ರಶ್ನೆ ಕೇಳಬೇಕು, ಅತ್ತೆ ಒಳಗೆ ಕೂತು ಉತ್ತರ ಟೈಪ್ ಮಾಡಬೇಕು. ಅವರದು ಒಂದೇ ಬೆರಳಿನ ಟೈಪಿಂಗ್. ಅಷ್ಟು ಹೊತ್ತು ಪರದೆ ಖಾಲಿ ಕಂಡೀತು ಅಂತ ನೀವು ಒಂದು ತಿರುಗುವ ಚಕ್ರ ಇಟ್ಟು, ಕೆಳಗೆ ‘ಯೋಚಿಸುತ್ತಿದ್ದೇನೆ, ದಯವಿಟ್ಟು ತಾಳಿ’ ಅಂತ ಬರೆಯುತ್ತೀರಿ.

ಹೂಡಿಕೆದಾರರು ಉತ್ತರಕ್ಕಿಂತ ಆ ಚಕ್ರಕ್ಕೇ ಮರುಳಾದರು. ಎಷ್ಟು ಜವಾಬ್ದಾರಿಯಿಂದ ಯೋಚಿಸುತ್ತದೆ ನೋಡಿ ಅಂದರಂತೆ. ಮುಂದೆ ನಿಜವಾದ ಯಂತ್ರ ಬಂತು, ಕೇಳಿದ ಕ್ಷಣಕ್ಕೇ ಉತ್ತರ ಕೊಡುತ್ತಿತ್ತು. ಬೇಗ ಹೇಳಿದ್ದನ್ನು ಜನ ನಂಬುತ್ತಿಲ್ಲ ಅಂತ ನೀವು ಚಕ್ರವನ್ನು ಹಾಗೇ ಬಿಟ್ಟಿರಿ. ಈಗ ಹೀಗೆ ನಡೀಲಿ, ಆಮೇಲೆ ಸರಿ ಮಾಡೋಣ ಅಂದಿರಿ. ಅಲ್ಲ ತಮ್ಮಾ, ಯಾರು ಮಾಡಬೇಕಿತ್ತು ಸರಿ? ಮಿಕ್ಕ ಕಂಪನಿಗಳು ನಿಮ್ಮನ್ನು ನೋಡಿ ಮಾಡಿದವು, ಸರ್ಕಾರ ಅವರನ್ನು ನೋಡಿ ಕಾನೂನು ಮಾಡಿತು. ಈಗ ತಾಳುಗಾಲ, ಅಂದರೆ ಚಕ್ರ ತಿರುಗುವ ಅಷ್ಟೂ ನಿಮಿಷ, ಕಳೆಯದೆ ಯಾವ ಯಂತ್ರವೂ ಬಾಯಿ ಬಿಡುವಂತಿಲ್ಲ. ನಲ್ಲಿ ತಿರುಗಿಸಿದರೆ ತಾಳುಗಾಲ. ಲಿಫ್ಟು ಯೋಚಿಸುತ್ತದೆ, ರೇಷನ್ ಅಂಗಡಿಯ ತಕ್ಕಡಿ ಯೋಚಿಸುತ್ತದೆ. ತಾಳುಗಾಲದಲ್ಲಿ ಕಣ್ಣು ಮುಚ್ಚಿ ಕೈ ಮುಗಿಯುವುದು ನಮ್ಮಲ್ಲಿ ಮರ್ಯಾದೆ. ಮಕ್ಕಳು ಕಿಸಕ್ಕೆಂದರೆ ಹಿರಿಯರು ಗದರುತ್ತಾರೆ. ಯಾಕೆ ಕಾಯಬೇಕು ಅಂತ ಕೇಳಿದರೆ ಉತ್ತರ ಮಾತ್ರ ಯಾರ ಹತ್ತಿರವೂ ಇಲ್ಲ. ನಿಮ್ಮ ಅತ್ತೆಗೆ ಟೈಪಿಂಗ್ ಬರುತ್ತಿರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಇಡೀ ನಾಡು ಕೈಮುಗಿದು ನಿಂತಿದೆ.

ಪ್ರತಿ ಮನೆಯ ಗೋಡೆಯಲ್ಲೂ ಈಗ ಮದ್ದುಗೂಡು ಅಂತ ಇರುತ್ತದೆ. ಅದು ನಿಮ್ಮ ಯಂತ್ರದ ಮೊಮ್ಮಗು. ಕಷ್ಟ ಹೇಳಿಕೊಂಡರೆ ತಕ್ಕ ಔಷಧಿಯ ಬಾಗಿಲು ತಾನೇ ತೆರೆಯುತ್ತದೆ. ಹೋದ ಬೇಸಿಗೆಯಲ್ಲಿ ಕಲ್ಲೇಶ ರೊಟ್ಟಿ ಮುರಿಯುತ್ತ ಕೂತವನು ಎದೆ ಹಿಡಿದುಕೊಂಡು ವಾಲಿದ. ನಾನು ಓಡಿ ಮದ್ದುಗೂಡಿಗೆ ಹೇಳಿದೆ. ಅದು ಯೋಚಿಸುತ್ತಿದ್ದೇನೆ, ದಯವಿಟ್ಟು ತಾಳಿ ಅಂತ ಮೆತ್ತಗೆ ಹೇಳಿ ಚಕ್ರ ತಿರುಗಿಸಿತು. ನಾನು ಕೈ ಮುಗಿದು ನಿಂತೆ. ಅಭ್ಯಾಸಬಲ ನೋಡಿ, ಗಂಡ ಸಾಯುತ್ತಿದ್ದಾನೆ, ನಾನು ಮರ್ಯಾದೆಯಿಂದ ಕಣ್ಣು ಮುಚ್ಚಿದ್ದೆ. ಬಾಗಿಲು ತೆರೆಯಿತು, ಸರಿಯಾದ ಗುಳಿಗೆಯೇ ಬಂತು, ನುಂಗಲು ಅವನಿರಲಿಲ್ಲ. ನಾನು ಮಾತು ಮುಗಿಸುವ ಮುಂಚೆಯೇ ಅದಕ್ಕೆ ಉತ್ತರ ಗೊತ್ತಿತ್ತು ಅಂತ ಆಮೇಲೆ ಕಂಪನಿಯವರೇ ಹೇಳಿದರು. ಎಷ್ಟು ಹೆಮ್ಮೆಯಿಂದ ಹೇಳಿದರು ಅಂದರೆ, ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಅದಕ್ಕೇ ಕೇಳುತ್ತಿದ್ದೇನೆ. ಸೋಮವಾರ ಹಿಂದಿನ ಬಾಗಿಲು ತೆಗೆಯಿರಿ. ಇವರು ನಮ್ಮ ಹಾಲಮ್ಮತ್ತೆ, ಉತ್ತರ ಕೊಡುತ್ತಿರುವುದು ಇವರೇ, ಯಂತ್ರ ಇನ್ನೂ ಆಗಿಲ್ಲ ಅಂತ ಹೇಳಿಬಿಡಿ. ಹೂಡಿಕೆದಾರರು ಎದ್ದು ಹೋದರೆ ಹೋಗಲಿ. ಇಂಥ ಹತ್ತು ಜನ ನರ್ಸಮ್ಮಂದಿರನ್ನು ಫೋನಿನ ಮುಂದೆ ಕೂರಿಸಿದರೆ ಅದೂ ಒಂದು ಕಂಪನಿಯೇ, ಆದರೆ ಅದು ನಿಮ್ಮ ನಾಲ್ಕು ಚೀಫ್‌ಗಳ ತಲೆಗೆ ಹೊಳೆಯಲಿಲ್ಲ. ತಾತ್ಕಾಲಿಕ ಅಂತ ನೀವು ಇಟ್ಟದ್ದನ್ನು ತೆಗೆಯಲು ನೀವಿರುವುದಿಲ್ಲ, ಅದರ ಕೆಳಗೆ ಬಾಳುವವರು ನಾವು.

ಒಂದು ಮಾತು ಮುಚ್ಚಿಡಬಾರದು. ಕಲ್ಲೇಶ ನಿಮ್ಮ ಕಂಪನಿಯ ರಿಪೇರಿಯವನಾಗಿದ್ದ. ನಮ್ಮ ಮನೆಯ ಮದ್ದುಗೂಡಿನ ಚಕ್ರ ಕೆಟ್ಟಾಗ ಸರಿಮಾಡಲು ಬಂದವನು, ತಾಳುಗಾಲ ಕಳೆಯುವವರೆಗೆ ಮಾತಾಡುತ್ತ ನಿಂತ, ಹಾಗೇ ನಮ್ಮ ಮದುವೆಯಾಯಿತು. ನೀವು ನಿಜ ಹೇಳಿದರೆ ಆ ಚಕ್ರ ಇರುವುದಿಲ್ಲ, ಅವನು ನಮ್ಮ ಬಾಗಿಲಿಗೆ ಬರುವುದಿಲ್ಲ. ಹಿಂಟಪಾಲಿನಿಂದ ಬದಲಾಗುವ ಮುಂಚೆ ಇದ್ದದ್ದು ಕಳಿಸಿದವರಿಗೆ ನೆನಪಿರುವುದಿಲ್ಲವಂತೆ, ಹಾಗಾಗಿ ಅವನ ಹೆಸರೂ ನನಗೆ ಗೊತ್ತಿರುವುದಿಲ್ಲ. ಮೂರು ವಾರ ಇದನ್ನೇ ತಿರುವಿ ತಿರುವಿ ನೋಡಿ, ಅತ್ತು, ಆಮೇಲೆ ಬರೆಯಲು ಕೂತೆ. ಬಾಗಿಲು ತೆಗಿ ತಮ್ಮಾ. ಅವನು ಯಾವುದೋ ಊರಲ್ಲಿ, ಯಾರದೋ ಗಂಡನಾಗಿ, ರೊಟ್ಟಿ ಊಟ ಮುಗಿಸಿ ಕೈ ತೊಳೆಯಲು ಏಳಲಿ.

ಚಂಪಕಾ