ಕುದುರೆಯ ಸಡಿಲ ಕಾಲು

ಮಾರ್ಚ್ 3, ಬೆಳಿಗ್ಗೆ

ಕ್ಲ್ಯಾಂಪ್ ಬಿಚ್ಚಿದೆ. ಅಂಟು ಚೆನ್ನಾಗಿ ಕಚ್ಚಿಕೊಂಡಿದೆ. ಮೂರು ಹಲಗೆ ಸೇರಿಸಿದ ಉದ್ದನೆಯ ಪೆಟ್ಟಿಗೆ — ಕೆಳಗೆ ಅಗಲ, ಮೇಲೆ ಹೋಗುತ್ತ ಕಿರಿದು. ನನಗಿಂತ ಎತ್ತರ.

ಪಿಟೀಲು ರಿಪೇರಿಗೆ ಕೊಡಲು ಬಂದ ಸಂಗೀತದ ಮೇಷ್ಟ್ರು, “ಇದೇನಮ್ಮ, ಶವಪೆಟ್ಟಿಗೆನಾ?” ಎಂದರು.

ವಾದ್ಯ ಎಂದೆ. ಟ್ರೊಂಬಾ ಮರೀನಾ. ಒಂದೇ ತಂತಿ, ಕಮಾನಿನಲ್ಲಿ ನುಡಿಸುವುದು.

“ಒಂದು ತಂತಿಗೋಸ್ಕರ ಇಷ್ಟು ಮರ ದಂಡ ಮಾಡಿದ್ರಲ್ಲ.”

ನಗು ಬಂತು. ಈ ವಾರ ಯಾರೊಂದಿಗಾದರೂ ಮಾತಾಡಿದ್ದು ಇಷ್ಟೇ. ಅಣ್ಣ ಒಳಗಿನ ಕೋಣೆಯಲ್ಲಿ. ಬಾಗಿಲು ಮುಚ್ಚಿದೆ.

ಮಾರ್ಚ್ 9

ಅಣ್ಣ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವನು. ಒಂದು ಬೆಳಿಗ್ಗೆ ಎದ್ದಾಗ ಅರ್ಧ ಮುಖ ಜೋತುಬಿದ್ದಿತ್ತು. ಬಹುಪಾಲು ಸರಿಹೋಯಿತು. ತುಟಿಯ ಮೂಲೆ ಮಾತ್ರ ಮರಳಲಿಲ್ಲ. ಊದಿದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ಆಗ ನನ್ನ ಮನೆಗೆ ಬಂದವನು... ಇಬ್ಬರೇ ಇರುವ ಮನೆ. ಊಟ ಬೇರೆ ಬೇರೆ ಹೊತ್ತಿಗೆ.

ಈ ವಾದ್ಯದ ಬಗ್ಗೆ ಓದಿದಾಗ ಅವನೇ ನೆನಪಾದ. ಹಿಂದೆ ಯುರೋಪಿನ ಕಾನ್ವೆಂಟುಗಳಲ್ಲಿ ನನ್‌ಗಳು ನುಡಿಸುತ್ತಿದ್ದರಂತೆ. ಹೆಂಗಸರು ತುತ್ತೂರಿ ಊದುವುದು ಸಲ್ಲದು ಎನ್ನುತ್ತಿದ್ದ ಕಾಲ. ತಂತಿಯನ್ನು ಹೊರುವ ಪುಟ್ಟ ಮರದ ತುಂಡಿಗೆ ಕುದುರೆ ಎನ್ನುತ್ತೇವೆ; ಇದರ ಕುದುರೆಗೆ ಎರಡು ಕಾಲು. ಒಂದು ಹಲಗೆಯ ಮೇಲೆ ಗಟ್ಟಿಯಾಗಿ ಊರಿರುತ್ತದೆ, ಇನ್ನೊಂದು ಸಡಿಲ. ತಂತಿ ನಡುಗಿದಾಗ ಸಡಿಲ ಕಾಲು ಹಲಗೆಗೆ ಬಡಿಯುತ್ತದೆ. ಆ ಬಡಿತವೇ ತುತ್ತೂರಿಯ ದನಿ. ಉಸಿರು ಬೇಡ. ತುಟಿ ಬೇಡ.

ಮಾರ್ಚ್ 20, ಮಧ್ಯಾಹ್ನ

ತಂತಿ ಬಿಗಿದೆ. ಕಮಾನು ಎಳೆದರೆ ನೆಗಡಿ ಹಿಡಿದ ದನಿ. ಕಾಲು ಬಡಿಯುತ್ತಿಲ್ಲ.

ಅಣ್ಣ ಬಾಗಿಲು ತೆಗೆದ. “ಏನೇ ಅದು, ಒಳಗೆ ಎಮ್ಮೆ ಕಟ್ಟಿದ್ದೀಯಾ?”

“ನಿನಗೇ ಮಾಡಿದ್ದು.”

ಹಾಗೆ ಹೇಳಬಾರದಿತ್ತು. ವಾದ್ಯವನ್ನು ಮೇಲಿಂದ ಕೆಳಗೆ ನೋಡಿದ.

“ನಾನು ಊದೋನು ಕಣೇ, ಉಜ್ಜೋನಲ್ಲ. ಅಯ್ಯೋ ಪಾಪ ಅನ್ನೋದನ್ನ ಬೇರೆ ಯಾರಿಗಾದ್ರೂ ಇಟ್ಕೋ.”

ಬಾಗಿಲು ಹಾಕಿಕೊಂಡ.

ಏಪ್ರಿಲ್ 17

ಬರೆಯಲು ಏನೂ ಇರಲಿಲ್ಲ. ಕುದುರೆ ಕೆತ್ತುವುದು, ಎಸೆಯುವುದು.

ಇವತ್ತು ತರಕಾರಿ ತರುತ್ತಿದ್ದೆ. ಬೀದಿಯಲ್ಲೇ ಕೇಳಿಸಿತು — ಟ್ರಂಪೆಟ್. ಓಡಿ ಒಳಗೆ ಹೋದೆ. ಅಣ್ಣ ನಿಂತಿದ್ದ, ಕೈಯಲ್ಲಿ ಕಮಾನು. ನೆಲದ ಮೇಲೆ ಮರದ ಪುಡಿ.

“ಕಾಲು ಭಾರ ಆಗಿತ್ತು. ಸ್ವಲ್ಪ ಹೆರೆದೆ. ಬೈಬೇಡ.”

“ಬೈಯಲ್ಲ.”

“ಹೊರಗೆ ಹೋಗಿ ಕೇಳು. ಹತ್ತಿರದಿಂದ ಕೇಳಿದ್ರೆ ಬರೀ ಗಲಾಟೆ.”

ಬೀದಿಯಲ್ಲಿ ನಿಂತೆ. ಎದುರಿನ ಬೇಕರಿಯವಳು ಹಿಟ್ಟಿನ ಕೈಯಲ್ಲೇ ಹೊರಬಂದಳು. “ಅಣ್ಣ ಮತ್ತೆ ಊದ್ತಾ ಇದ್ದಾರಾ?”

ಹೌದು ಎಂದೆ.

ಮೇ 29

ಈಗ ಜೊತೆಗೇ ಊಟ. ಬಾಯಿಗೆ ಬಿಡುವಿಲ್ಲ ಅವನಿಗೆ. ಮನೆ ಮನೆಯಂತೆ ಇದೆ ಎಂದು ಬರೆಯುವ ಹೊತ್ತಿಗೆ... ಅವನ ಹಳೆಯ ಬ್ಯಾಂಡ್ ಮಾಸ್ಟರ್ ಬಂದಿದ್ದರು. ಒಂದು ಸಲ ಕೇಳಿದರು, ಕುರ್ಚಿ ಎಳೆದುಕೊಂಡು ಇನ್ನೊಂದು ಸಲ ಕೇಳಿದರು. ಮಳೆಗಾಲದ ಟೂರಿಗೆ ಬಾ ಎಂದರು.

ಅಣ್ಣ ನನ್ನತ್ತ ನೋಡಿದ. “ನೀನೊಬ್ಬಳೇ ಆಗ್ತೀಯ.”

“ನಾನು ಯಾವಾಗ ಇಬ್ಬರಿದ್ದೆ?” ತಮಾಷೆಗೆ ಅಂದೆ. ಯಾರೂ ನಗಲಿಲ್ಲ.

ಜೂನ್ 6

ಹೋದ. ವಾದ್ಯ ವ್ಯಾನಿನೊಳಗೆ ಹಿಡಿಸಲಿಲ್ಲ. ಕಂಬಳಿ ಸುತ್ತಿ ಮೇಲೆ ಕಟ್ಟಿದರು.

“ಕುದುರೆ ಕಾಲು ಸವೆದ್ರೆ ಏನ್ ಮಾಡ್ಲೇ?”

“ಬಾ. ಮಾಡಿಕೊಡ್ತೀನಿ.”

ಇನ್ನೆರಡು ಕುದುರೆ ಕೆತ್ತಿಟ್ಟಿದ್ದೆ. ಡ್ರಾಯರಿನಲ್ಲೇ ಇವೆ. ಕೊಡಲಿಲ್ಲ.

ಜೂನ್ 15, ಸಂಜೆ

ಒಳಗಿನ ಕೋಣೆ ಗುಡಿಸಿದೆ. ಹಾಸಿಗೆ ಸುತ್ತಿಟ್ಟೆ. ಬಾಗಿಲು ತೆರೆದೇ ಇಟ್ಟಿದ್ದೇನೆ, ಅಷ್ಟೇ ವ್ಯತ್ಯಾಸ.

ಫೋನ್ ಮಾಡಬೇಕು. ಕುದುರೆ ಹೇಗಿದೆ ಅಂತ ಕೇಳಬೇಕು. ಬರೀ ಕುದುರೆಯ ವಿಷಯ. ಊಟ ಆಯ್ತಾ, ಯಾವಾಗ ಬರ್ತೀಯ ಅಂತೆಲ್ಲ —